ನೂರು ಚದರ ಕಿಲೋಮೀಟರಿನಲ್ಲಿ ಎಷ್ಟು ಗಾಳಿಯಂತ್ರ? ಅರಸೀಕೆರೆ ಸೀಮೆಯ ಒಂದು ಲೆಕ್ಕ

ಫೋನು ಬಂದದ್ದು ಒಂದು ಗುರುವಾರ. "ಅರಸೀಕೆರೆ ತಾಲ್ಲೂಕಲ್ಲಿ ಒಂದು ಬ್ಲಾಕ್ ಗುರುತು ಮಾಡಿದ್ದೀವಿ ಸಾರ್. ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲ. ಅದರಲ್ಲಿ ವಿಂಡ್‌ಗೆ ಎಷ್ಟು ಜಾಗ ಸಿಗುತ್ತೆ ಅಂತ ಒಂದು ನಂಬರ್ ಬೇಕು. ಸೋಮವಾರದೊಳಗೆ ಆದರೆ ಒಳ್ಳೇದು." ವಿಂಡ್ ಎಂದರೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳು. ಮಾತಾಡಿದವರು ಬೆಂಗಳೂರಿನ ಒಂದು ಸಲಹಾ ಕಚೇರಿಯವರು. ನಾನು ಹಾಸನದಲ್ಲಿ ಕೂತು ನಕ್ಷೆ ಕೆಲಸ ಮಾಡುವವನು. ಕೆರೆ ಹೂಳು, ತೋಟದ ಸರ್ವೆ, ಪೈಪ್‌ಲೈನ್ ಹಾದಿ, ಇಂಥವೇ ನನ್ನ ಹೊಟ್ಟೆಪಾಡು. ಒಂದು ನಂಬರ್ ತಾನೇ ಎಂದು ಒಪ್ಪಿಕೊಂಡೆ.

ಸೋಮವಾರದ ಹೊತ್ತಿಗೆ ನನ್ನ ಬಳಿ ಮೂರು ನಂಬರ್ ಇದ್ದವು. ಮೂರಕ್ಕೂ ಆಧಾರವಿತ್ತು. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಇಪ್ಪತ್ತು ಪಟ್ಟು ವ್ಯತ್ಯಾಸ. ಆಮೇಲೆ ಆ ಕೆಲಸ ಐದು ತಿಂಗಳು ಎಳೆಯಿತು. ಆ ಐದು ತಿಂಗಳಲ್ಲಿ ಏನಾಯಿತೆಂಬುದೇ ಈ ಬರಹ. ಊರುಗಳ ಹೆಸರು ಬರೆಯುವುದಿಲ್ಲ. ಜಮೀನಿನ ಮಾತುಕತೆ ನಡೆಯುವ ಕಡೆ ಹೆಸರು ಹೊರಗೆ ಬಿದ್ದರೆ ಮಾರನೆಯ ದಿನವೇ ದಲ್ಲಾಳಿಗಳ ಬೈಕು ಸಾಲುಗಟ್ಟುತ್ತವೆ.

ಜಾಗದ ಬಗ್ಗೆ ಎರಡು ಮಾತು. ಹಾಸನ ಜಿಲ್ಲೆ ಎಂದಕೂಡಲೇ ಹೊರಗಿನವರಿಗೆ ಸಕಲೇಶಪುರದ ಮಳೆ, ಕಾಫಿ ತೋಟ ಕಣ್ಣಿಗೆ ಬರುತ್ತದೆ. ಅರಸೀಕೆರೆ ಆ ಹಾಸನವಲ್ಲ. ಇದು ಬಯಲುಸೀಮೆ. ಕೆಂಪು ಮಣ್ಣು, ರಾಗಿ ಹೊಲ, ಬೋರ್‌ವೆಲ್ ನಂಬಿದ ತೆಂಗಿನ ತೋಟ, ನಡುನಡುವೆ ಬೋಳು ಗುಡ್ಡ. ಮಳೆಯನ್ನು ಘಟ್ಟದಲ್ಲೇ ಸುರಿದು ಹಗುರಾದ ಮುಂಗಾರು ಗಾಳಿ ಇಲ್ಲಿಗೆ ಬರಿಗೈಯಲ್ಲಿ ಬರುತ್ತದೆ, ಆದರೆ ಜೋರಾಗಿ ಬರುತ್ತದೆ. ಆಷಾಢದಲ್ಲಿ ಇಲ್ಲಿ ಹೆಂಚು ಹಾರುವುದು ಸುದ್ದಿಯೇ ಅಲ್ಲ. ಗಾಳಿಯಂತ್ರದವರಿಗೆ ಇಷ್ಟು ಸಾಕು.

ಗಾಳಿಯ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗಿಂತ 8 ಮೀಟರ್ ಬೀಸುವ ಗಾಳಿಯಲ್ಲಿ ಸುಮಾರು 2.4 ಪಟ್ಟು ಶಕ್ತಿ. ಹಾಗಾಗಿ ಮೊದಲ ಪ್ರಶ್ನೆ ಗಾಳಿಯದೇ. ಆದರೆ ಅದಕ್ಕೆ ನಕ್ಷೆ ಇದೆ, ಮಾಪನ ಕಂಬ ಇದೆ, ಕೆಲಸ ಬಲ್ಲ ಎಂಜಿನಿಯರುಗಳಿದ್ದಾರೆ. ನಮ್ಮ ಬ್ಲಾಕಿನಲ್ಲಿ ಗಾಳಿ ಸಾಕಷ್ಟಿದೆ ಎಂಬುದು ಅವರೇ ಹೇಳಿದ ಮಾತು. ನನ್ನ ಪಾಲಿಗೆ ಬಂದದ್ದು ನೆಲ.

ಮೂರು ಲೆಕ್ಕ, ಮೂರು ಉತ್ತರ

ಲೆಕ್ಕ ಶುರು ಮಾಡುವ ಮುಂಚೆ ದೇಶದ ಮಟ್ಟದಲ್ಲಿ ಯಾರು ಹೇಗೆ ಮಾಡಿದ್ದಾರೆಂದು ನೋಡಿದೆ. ಅಲ್ಲೇ ತಲೆ ತಿರುಗಿತು.

ಈಗ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಎನಿಸಿಕೊಂಡಿರುವ ಚೆನ್ನೈನ ಕೇಂದ್ರ 2010ರಲ್ಲಿ ಭಾರತದ ಪವನ ಭೂಪಟ ಹೊರತಂದಿತು. ನೆಲದಿಂದ 50 ಮೀಟರ್ ಎತ್ತರದಲ್ಲಿ ದೇಶದ ಸಾಮರ್ಥ್ಯ 49,130 ಮೆಗಾವ್ಯಾಟ್ ಎಂದು ಲೆಕ್ಕ ಹಾಕಿತು. ಮುಂದೆ 80 ಮೀಟರ್ ಎತ್ತರಕ್ಕೆ ಅದು 1,02,788 ಆಯಿತು. ಇದರ ಅಡಿಯಲ್ಲಿದ್ದ ಊಹೆ ಸರಳ. ಗಾಳಿ ಇರುವ ಪ್ರದೇಶದಲ್ಲಿ ನೂರಕ್ಕೆ ಎರಡು ಪಾಲು ನೆಲ ಸಿಗುತ್ತದೆ, ಸಿಕ್ಕ ನೆಲದಲ್ಲಿ ಚದರ ಕಿಲೋಮೀಟರಿಗೆ 9 ಮೆಗಾವ್ಯಾಟ್ ಕೂರುತ್ತದೆ. ಹಿಮಾಲಯ, ಈಶಾನ್ಯ, ಅಂಡಮಾನಿಗೆ ನೂರಕ್ಕೆ ಅರ್ಧ ಪಾಲು ಮಾತ್ರ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಅದೇ 80 ಮೀಟರ್ ಎತ್ತರಕ್ಕೆ ಲೆಕ್ಕ ಮಾಡಿ 20 ಲಕ್ಷ ಮೆಗಾವ್ಯಾಟ್ ದಾಟಿಸಿದರು. ದೇಶ ಅದೇ, ಎತ್ತರವೂ ಅದೇ. ನೂರಕ್ಕೆ ಎರಡು ಪಾಲಿನ ಕಟ್ಟು ಬಿಚ್ಚಿ, ಬೇಡದ ಜಾಗ ಕಳೆದು ಉಳಿದದ್ದನ್ನೆಲ್ಲ ಎಣಿಸಿದ್ದೇ ಅಂತರದ ದೊಡ್ಡ ಕಾರಣ.

ಆಮೇಲೆ ಚೆನ್ನೈನ ಸಂಸ್ಥೆಯೂ ಎರಡು ಪಾಲಿನ ಊಹೆಯನ್ನು ಬಿಟ್ಟಿತು. 100 ಮೀಟರ್ ಎತ್ತರದ ಲೆಕ್ಕದಲ್ಲಿ ನೆಲವನ್ನು ಮೂರು ದರ್ಜೆ ಮಾಡಿತು. ಪಾಳು ಭೂಮಿಯಲ್ಲಿ ನೂರಕ್ಕೆ 80, ಸಾಗುವಳಿ ಭೂಮಿಯಲ್ಲಿ 30, ಕಾಡಿನಲ್ಲಿ 5 ಪಾಲು ಸಿಗುತ್ತದೆಂದು ಇಟ್ಟುಕೊಂಡಿತು. ದೇಶಕ್ಕೆ 302 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ ಸಾವಿರ ಮೆಗಾವ್ಯಾಟ್) ಬಂತು, ಕರ್ನಾಟಕದ ಪಾಲು ಸುಮಾರು 56. ಆ 56ರಲ್ಲಿ ಸುಮಾರು 40 ಸಾಗುವಳಿ ಭೂಮಿಯದು, ಸುಮಾರು 15 ಪಾಳು ಭೂಮಿಯದು. ಈ 80, 30, 5 ಎಂಬ ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ನಮ್ಮ ಬ್ಲಾಕಿನಲ್ಲಿ ಇವು ತಲೆಕೆಳಗಾದವು.

ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭುವನ್ ತಾಣದ ನೆಲಬಳಕೆ ನಕ್ಷೆ ತೆಗೆದುಕೊಂಡು ಬ್ಲಾಕಿನ ಮೇಲೆ ಹಾಸಿದೆ. ಒಟ್ಟು 100 ಚದರ ಕಿಲೋಮೀಟರ್ ಇದ್ದದ್ದರಿಂದ ಶೇಕಡಾ ಲೆಕ್ಕ ತಾನಾಗಿಯೇ ಆಗುತ್ತಿತ್ತು. ರಾಗಿ ಹೊಲ, ಬೀಳು ಬಿಟ್ಟ ಹೊಲ ಎಲ್ಲ ಸೇರಿ 58. ತೆಂಗು 14. ಗುಡ್ಡದ ಮೇಲಿನ ಕಾಡು 7. ಪಾಳು, ಕುರುಚಲು 13. ಕೆರೆಗಳು 3. ಊರು, ರಸ್ತೆ 5.

ಯಂತ್ರ ಯಾವುದು ಎಂದೂ ತೀರ್ಮಾನಿಸಬೇಕಿತ್ತು. 2.1 ಮೆಗಾವ್ಯಾಟಿನದು, ರೆಕ್ಕೆ ತಿರುಗುವ ವೃತ್ತದ ವ್ಯಾಸ 120 ಮೀಟರ್, ಗೋಪುರ 140 ಮೀಟರ್ ಎಂದು ಇಟ್ಟುಕೊಂಡೆವು. ಒಂದು ಯಂತ್ರದ ಹಿಂದೆ ಕದಡಿದ ಗಾಳಿ ಇನ್ನೊಂದಕ್ಕೆ ಬಡಿಯಬಾರದು. ಸಾಮಾನ್ಯವಾಗಿ ಪಾಲಿಸುವ ಲೆಕ್ಕದ ಪ್ರಕಾರ ಗಾಳಿ ಬೀಸುವ ದಿಕ್ಕಿಗೆ ವ್ಯಾಸದ ಏಳು ಪಟ್ಟು, ಅಡ್ಡಕ್ಕೆ ಐದು ಪಟ್ಟು ಅಂತರ ಬೇಕು. ಅಂದರೆ 840 ಮೀಟರ್, 600 ಮೀಟರ್. ಗುಣಿಸಿದರೆ ಒಂದು ಯಂತ್ರಕ್ಕೆ ಸುಮಾರು 50 ಹೆಕ್ಟೇರು, ನಮ್ಮ ಮಾತಿನಲ್ಲಿ 125 ಎಕರೆ. ಚದರ ಕಿಲೋಮೀಟರಿಗೆ 4.17 ಮೆಗಾವ್ಯಾಟ್.

ಈಗ ಲೆಕ್ಕ ನೋಡಿ. ಹಳೆಯ ಎರಡು ಪಾಲಿನ ದಾರಿಯಲ್ಲಿ 18 ಮೆಗಾವ್ಯಾಟ್, ಎಂಟು ಯಂತ್ರ. 80, 30, 5ರ ದಾರಿಯಲ್ಲಿ 32 ಚದರ ಕಿಲೋಮೀಟರ್ ಸಿಕ್ಕಿ 135 ಮೆಗಾವ್ಯಾಟ್, 64 ಯಂತ್ರ. ಕಾಡು, ಕೆರೆ, ಊರು ಕಳೆದು ಉಳಿದದ್ದೆಲ್ಲ ಸಿಗುತ್ತದೆ ಎಂಬ ದಾರಿಯಲ್ಲಿ 354 ಮೆಗಾವ್ಯಾಟ್, 168 ಯಂತ್ರ. ಮೂರನ್ನೂ ಕಳಿಸಿ, ಹೊಲ ನೋಡದೆ ಇದರಲ್ಲಿ ಒಂದನ್ನು ಆರಿಸಲಾರೆ ಎಂದೆ. ಅವರಿಗೆ 135 ಇಷ್ಟವಾಯಿತು. ನಡುವಿನದು ಎಂಬುದೇ ಕಾರಣವಿರಬೇಕು. ನಾವು ಅಂಗಡಿಯಲ್ಲಿ ಸೀರೆ ಆರಿಸುವಾಗಲೂ ಹಾಗೇ ಅಲ್ಲವೇ, ತೀರಾ ಅಗ್ಗದ್ದೂ ಬೇಡ, ತೀರಾ ತುಟ್ಟಿಯದೂ ಬೇಡ.

ಮೋಟರ್ ಮನೆಯೋ, ಮನೆಯೋ?

ಕೇಂದ್ರದ 2016ರ ಮಾರ್ಗಸೂಚಿಯಲ್ಲಿ ಒಂದು ಮಾತಿತ್ತು. ಸದ್ದಿನ ಕಾಟ ತಪ್ಪಿಸಲು ವಾಸದ ಮನೆಯಿಂದ 500 ಮೀಟರಿನೊಳಗೆ ಯಂತ್ರ ನಿಲ್ಲಿಸಬಾರದು. ಓದಲು ಸಾಧಾರಣ ವಾಕ್ಯ. ನಕ್ಷೆಯ ಮೇಲೆ ಇಟ್ಟಾಗ ಇದರ ಹಸಿವು ಗೊತ್ತಾಗುತ್ತದೆ. 500 ಮೀಟರ್ ತ್ರಿಜ್ಯದ ವೃತ್ತವೆಂದರೆ 194 ಎಕರೆ. ಒಂದು ಮನೆ, ಒಬ್ಬ ಮನುಷ್ಯ, ಅಷ್ಟೇ ಸಾಕು, 194 ಎಕರೆ ಹೋಯಿತು.

ಹಿಂದೆ ಇದು ಕಷ್ಟವಾಗುತ್ತಿರಲಿಲ್ಲ. ಬಯಲುಸೀಮೆಯ ಊರುಗಳು ಒತ್ತೊತ್ತಾಗಿ ಕೂತವು. ಗೋಡೆಗೆ ಗೋಡೆ, ಊರ ಬಾಗಿಲು, ಅದರಾಚೆ ಬರೀ ಹೊಲ. ಮಲೆನಾಡಿನಂತೆ ಒಂಟಿ ಮನೆಗಳಲ್ಲ. ಆದರೆ ಬೋರ್‌ವೆಲ್ ಬಂತು, ತೆಂಗು ಬಂತು, ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದರು, ಒಬ್ಬ ತೋಟದಲ್ಲಿ ಮನೆ ಕಟ್ಟಿದ. ಈಗ ಊರಿನ ಹೊರಗೆಲ್ಲ ತೋಟದ ಮನೆಗಳು. ನೆಲಬಳಕೆ ನಕ್ಷೆಯಲ್ಲಿ ಇವು ಇಲ್ಲ. ಅದರ ಅಳತೆಗೆ ಒಂಟಿ ಸೂರು ಕಾಣುವುದೇ ಇಲ್ಲ.

ಊರುಗಳ ಸುತ್ತ 500 ಮೀಟರ್ ಬಿಟ್ಟಾಗ 17 ಚದರ ಕಿಲೋಮೀಟರ್ ಹೋಗಿ 83 ಉಳಿಯಿತು. ಆಮೇಲೆ ಸ್ಪಷ್ಟವಾದ ಉಪಗ್ರಹ ಚಿತ್ರ ಹಾಕಿಕೊಂಡು ಊರ ಹೊರಗಿನ ಪ್ರತಿ ಸೂರಿಗೂ ಒಂದು ಚುಕ್ಕೆ ಇಟ್ಟೆ. ಮೂರು ರಾತ್ರಿಯ ಕೆಲಸ. 212 ಸೂರು. ಎಲ್ಲವೂ ಮನೆಗಳೇ ಎಂದುಕೊಂಡರೆ ಉಳಿಯುವುದು 22 ಚದರ ಕಿಲೋಮೀಟರ್. ಅಲ್ಲಿಗೆ ಯೋಜನೆಯೇ ಮುಗಿದಂತೆ.

ಮೇಲಿನಿಂದ ನೋಡಿದರೆ ಎಲ್ಲ ಒಂದೇ, ಹತ್ತಡಿ ಇಪ್ಪತ್ತಡಿಯ ಶೀಟು. ಕೆಳಗಿಳಿದು ನೋಡಲೇಬೇಕಾಯಿತು. ನಾನೂ ಪರಿಚಯದ ಒಬ್ಬ ಹುಡುಗನೂ ಅವನ ಟಿವಿಎಸ್ ಮೇಲೆ ಹನ್ನೊಂದು ದಿನ ತಿರುಗಿದೆವು. ಕೆಲವು ನೋಡುತ್ತಲೇ ಗೊತ್ತಾಗುತ್ತಿದ್ದವು. ಕೋಳಿ ಶೆಡ್ಡು, ಚೌಡಮ್ಮನ ಗುಡಿ, ಕೊಬ್ಬರಿ ಅಟ್ಟ. ಈ ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಆ ಕಟ್ಟಡ ಎರಡು ಅಂತಸ್ತಿನ ಮನೆಯ ಹಾಗೇ ಕಾಣುತ್ತದೆ, ಒಳಗೆ ಮಾತ್ರ ಇಲಿಗಳ ಸಂಸಾರ.

ತೊಡಕು ಮೋಟರ್ ಮನೆಗಳದ್ದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಏನು ಮಾಡಬೇಕು? ಮೋಟರ್ ಮನೆಯಲ್ಲೇ ಚಾಪೆ ಹಾಸುತ್ತಾನೆ. ವಾರಕ್ಕೆ ಮೂರು ರಾತ್ರಿ ಮಲಗುವ ಜಾಗ ವಾಸದ ಮನೆಯೋ ಅಲ್ಲವೋ? ಮಾರ್ಗಸೂಚಿ ಬರೆದವರಿಗೆ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಮೊದಮೊದಲು ನಾವು "ಇಲ್ ಯಾರಾದ್ರೂ ಮಲಗ್ತೀರಾ?" ಎಂದು ಕೇಳುತ್ತಿದ್ದೆವು. ಜನ ಅನುಮಾನದಿಂದ ನೋಡುತ್ತಿದ್ದರು. ಕಳ್ಳರು ಕೇಳುವ ಪ್ರಶ್ನೆಯೇ ಅದು! ಆಮೇಲೆ ಬುದ್ಧಿ ಬಂತು. ಬಟ್ಟೆ ಒಣಗಿಸುವ ತಂತಿ ಇದೆಯೇ, ಬಾಗಿಲ ಮುಂದೆ ರಂಗೋಲಿ ಇದೆಯೇ, ಒಲೆ ಇದೆಯೇ, ಪಂಪ್‌ಸೆಟ್ಟಿನದಲ್ಲದೆ ಮನೆ ಕರೆಂಟಿನ ಆರ್‌ಆರ್ ನಂಬರ್ ಬೇರೆ ಇದೆಯೇ ಎಂದು ನೋಡಿದೆವು. ಇವುಗಳಲ್ಲಿ ಎರಡಾದರೂ ಇದ್ದರೆ ಮನೆ.

ಒಂದು ಕಡೆ ಇವಾವುದೂ ಇರಲಿಲ್ಲ, ಆದರೆ ಗೋಡೆಗೆ ಹೊಸದಾಗಿ ಸಿಮೆಂಟು ಮೆತ್ತಿದ್ದರು. ಐವತ್ತರ ಆಸುಪಾಸಿನ ಯಜಮಾನರು ಎಳನೀರು ಕೊಚ್ಚಿ ಕೊಡುತ್ತ, "ಸದ್ಯಕ್ ಮೋಟರ್ ಮನೆ ಅಂತ್ಲೇ ಬರ್ಕಳಿ ಸಾರ್. ಮಗನ್ ಮದ್ವೆ ಆಗ್ಲಿ, ನೋಡನ" ಎಂದರು. ಮೋಟರ್ ಮನೆ ಎಂದೇ ಬರೆದುಕೊಂಡೆ.

ಕೊನೆಗೆ 212ರಲ್ಲಿ 74 ವಾಸದ ಮನೆ, 97 ಮೋಟರ್ ಮನೆ, ಮಿಕ್ಕ 41 ಅಟ್ಟ, ಶೆಡ್ಡು, ಗುಡಿ ಇತ್ಯಾದಿ. 74ಕ್ಕೆ ಮಾತ್ರ ವೃತ್ತ ಎಳೆದಾಗ 83ರಲ್ಲಿ 52 ಉಳಿಯಿತು. ಎಲ್ಲವನ್ನೂ ಮನೆ ಎಂದುಕೊಂಡಾಗ 22, ಕೇಳಿ ನೋಡಿದಾಗ 52. ಹನ್ನೊಂದು ದಿನದ ಪೆಟ್ರೋಲಿಗೆ 30 ಚದರ ಕಿಲೋಮೀಟರ್ ಸಿಕ್ಕಿತು. ನನ್ನ ಬಿಲ್ಲಿನಲ್ಲಿ ಈ ಪೆಟ್ರೋಲನ್ನು ಅವರು ಪ್ರಶ್ನಿಸಿದರೆಂಬುದು ಬೇರೆ ಮಾತು.

ರಸ್ತೆ, ರೈಲು ಹಳಿ, ಹೈಟೆನ್ಶನ್ ಲೈನಿಗೂ ಅಂತರ ಬಿಡಬೇಕು. ಗೋಪುರದ ಎತ್ತರ, ಅದಕ್ಕೆ ರೆಕ್ಕೆ ವೃತ್ತದ ಅರ್ಧ, ಮೇಲೆ 5 ಮೀಟರ್. ನಮ್ಮ ಯಂತ್ರಕ್ಕೆ 205 ಮೀಟರ್ ಆಯಿತು. ಎರಡೂ ಪಕ್ಕ ಸೇರಿ ಒಂದು ಕಿಲೋಮೀಟರ್ ರಸ್ತೆ ನೂರು ಎಕರೆ ನುಂಗುತ್ತದೆ. ಗ್ರಾಮ ನಕಾಶೆಯಲ್ಲಿರುವ ಬಂಡಿ ದಾರಿಗಳನ್ನೂ ರಸ್ತೆ ಎನ್ನಬೇಕೇ ಎಂದು ಒಂದು ಸಂಜೆಯಿಡೀ ವಾದ ನಡೆದು, ಟಾರು ಕಂಡದ್ದಷ್ಟೇ ರಸ್ತೆ ಎಂದು ತೀರ್ಮಾನವಾಯಿತು. ಇದು ನಮ್ಮ ಅನುಕೂಲದ ತೀರ್ಮಾನ, ಸರಿಯಾದದ್ದು ಎನ್ನಲಾರೆ. 9 ಹೋಗಿ 43. ಕಾಡು ಮತ್ತು ಕೆರೆಗೆ 8 ಹೋಗಿ 35. ಬ್ಲಾಕಿನಲ್ಲಿ ಹೊಯ್ಸಳರ ಕಾಲದ ಸಂರಕ್ಷಿತ ದೇವಾಲಯವೊಂದಿದೆ. ಅದರ ಸುತ್ತ 100 ಮೀಟರ್ ನಿಷೇಧ, ಮೇಲೆ 200 ಮೀಟರ್ ನಿಯಂತ್ರಣ. ಆದರೆ ದೇವಾಲಯ ಊರ ನಡುವೆಯೇ ಇರುವುದರಿಂದ ಅದಕ್ಕೆಂದು ಹೊಸದಾಗಿ ಕಳೆಯುವುದೇನೂ ಉಳಿದಿರಲಿಲ್ಲ.

ಪಾಳು ಎಂದರೆ ಯಾರ ಪಾಳು?

ನೂರಕ್ಕೆ 80 ಸಿಗುತ್ತದೆ ಎಂದು ಹೇಳಿಸಿಕೊಂಡ ಪಾಳು ಭೂಮಿ ನಮ್ಮ ಬ್ಲಾಕಿನಲ್ಲಿ 13 ಚದರ ಕಿಲೋಮೀಟರ್ ಇತ್ತಲ್ಲ, ಅಂತರಗಳನ್ನೆಲ್ಲ ಕಳೆದ ಮೇಲೂ ಅದರಲ್ಲಿ 10 ಉಳಿದಿತ್ತು. ಸಹಜ, ಪಾಳಿನಲ್ಲಿ ಮನೆ ಯಾರು ಕಟ್ಟುತ್ತಾರೆ? ಸಲಹಾ ಕಚೇರಿಯವರು ಇದನ್ನೇ ನೆಚ್ಚಿಕೊಂಡಿದ್ದರು. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹಿಡಿದು, ಒಂದೊಂದರ ಪಹಣಿ ತೆಗೆಸಿ ಕೂತೆ.

ಮೂರೂವರೆ ಚದರ ಕಿಲೋಮೀಟರ್ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾದ ದನ ಸಾಕುವ ಇಲಾಖೆಯ ಹುಲ್ಲುಗಾವಲು. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೆಲ್ಲ ಇಂಥ ಕಾವಲುಗಳಿವೆ. ಬೇಸಗೆಯಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಇವು ಒಣಗಿದ ಬೂದು ಬಯಲು. ಮರ ಇಲ್ಲ, ಬೆಳೆ ಇಲ್ಲ, ಆದ್ದರಿಂದ ಪಾಳು. ಮಳೆ ಬಿದ್ದ ಹದಿನೈದು ದಿನಕ್ಕೆ ಅಲ್ಲಿ ಮೊಣಕಾಲುದ್ದ ಹುಲ್ಲು. ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ. ಅದೂ ಒಂದು ಕಾಲಕ್ಕೆ ನಕ್ಷೆಯಲ್ಲಿ ಇದೇ ಬಣ್ಣವಿದ್ದ ನೆಲವೇ. ನಮ್ಮ ಬ್ಲಾಕಿನ ಕಾವಲನ್ನು ಲೆಕ್ಕದಿಂದ ಪೂರ್ತಿ ತೆಗೆದೆ. ಕಾನೂನಿನ ಕಟ್ಟು ಇರುವುದು ಒಂದು ಕಾರಣ. ಇನ್ನೊಂದು, ಅದನ್ನು ಪಾಳು ಎನ್ನಲು ನನಗೆ ಮನಸ್ಸು ಬರಲಿಲ್ಲ.

ನಾಲ್ಕು ಚದರ ಕಿಲೋಮೀಟರ್ ಗೋಮಾಳ. ಕಾಗದದಲ್ಲಿ ಸರ್ಕಾರದ್ದು, ಒಬ್ಬರೇ ಯಜಮಾನರು, ಸುಲಭ ಎನಿಸುತ್ತದೆ. ಸ್ಥಳಕ್ಕೆ ಹೋದರೆ ಅರ್ಧಕ್ಕರ್ಧ ಉಳುಮೆ. ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದ ಸಾಗುವಳಿ. ಫಾರಂ 50, 53, 57 ಎಂದು ಬೇರೆ ಬೇರೆ ಕಾಲದಲ್ಲಿ ಹಾಕಿದ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಕಾಯುತ್ತಿವೆ. ಅರ್ಜಿ ಹಾಕಿದವನಿಗೆ ಅದು ಅವನದೇ ಹೊಲ, ಅಪ್ಪನ ಕಾಲದಿಂದ. ಉಳುಮೆ ಇಲ್ಲದ ಮಿಕ್ಕರ್ಧದಲ್ಲಿ ಕುರಿ. ಅಲ್ಲಿ ಸಿಕ್ಕ ಕುರಿ ಕಾಯುವ ಅಜ್ಜನಿಗೆ ನನ್ನ ಮೊಬೈಲಿನ ನಕ್ಷೆ ತೋರಿಸಿ, ಇದು ಪಾಳು ಎಂದಿದೆ ಎಂದೆ. ಅಜ್ಜ ನಕ್ಷೆ ನೋಡಲಿಲ್ಲ, ನನ್ನನ್ನು ನೋಡಿದ. "ನಮ್ ನೂರೈವತ್ ಕುರಿ ಏನ್ ನಿಮ್ ಮೊಬೈಲ್ ಮೇಯ್ತವಾ?" ಎಂದ.

ಒಂದು ಚದರ ಕಿಲೋಮೀಟರ್ ಖರಾಬು ಮತ್ತು ಕಲ್ಲು ಕ್ವಾರಿ. ಉಳಿದ ಒಂದೂವರೆ ಮಾತ್ರ ನಿಜವಾದ ಅರ್ಥದಲ್ಲಿ ಬೀಳು. ಖಾಸಗಿಯವರದು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಉಳುವವರಿಲ್ಲ. ಅಂದರೆ 13ರಲ್ಲಿ ಒಂದೂವರೆ. ನೂರಕ್ಕೆ 80 ಎಲ್ಲಿ, ನೂರಕ್ಕೆ 12 ಎಲ್ಲಿ? ದೇಶದ ಲೆಕ್ಕಕ್ಕೆ 80 ಸರಿ ಇರಬಹುದು, ಕಛ್‌ನ ಬಯಲಿಗೂ ಅರಸೀಕೆರೆಗೂ ಸರಾಸರಿ ಹಾಕಿದರೆ ಏನೋ ಒಂದು ಅಂಕಿ ಬಂದೇ ಬರುತ್ತದೆ. ಆದರೆ ಇಲ್ಲಿ 35ರಲ್ಲಿ ಎಂಟೂವರೆ ಹೋಗಿ ಇಪ್ಪತ್ತಾರೂವರೆ ಆಯಿತು.

ತೆಂಗನ್ನೂ ತೆಗೆದೆ. ಮೂವತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 48 ಮರ. ಯಂತ್ರ ನಿಲ್ಲುವ ಜಾಗವಷ್ಟೇ ಆದರೆ ನೂರು ನೂರೈವತ್ತು ಮರ, ಆದರೆ ಸುಮಾರು 58 ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕಲ್ಲ. ಒಂದು ತಿರುವಿಗೆ ಒಂದು ಸಾಲು ಮರವೇ ಹೋಗುತ್ತದೆ. ಬರದಲ್ಲಿ ಟ್ಯಾಂಕರ್ ನೀರು ಹೊಯ್ದು ಮರ ಉಳಿಸಿಕೊಂಡವರ ಮುಂದೆ ಈ ಮಾತು ಎತ್ತುವ ಧೈರ್ಯ ನನಗಂತೂ ಇಲ್ಲ. ತೆಂಗಿನ ಬಹುಪಾಲು ಮನೆಗಳ ಸುತ್ತಲೇ ಇದ್ದದ್ದರಿಂದ ಹೊಸದಾಗಿ ಹೋದದ್ದು 4. ಉಳಿದದ್ದು 22.5, ಬೀಳನ್ನು ಬಿಟ್ಟರೆ ಎಲ್ಲವೂ ರಾಗಿ ಹೊಲ.

ಕಾಲೂರುವ ಜಾಗ, ಉಸಿರಾಡುವ ಜಾಗ

22.5ನ್ನು 4.17ರಿಂದ ಗುಣಿಸಿದರೆ 94 ಮೆಗಾವ್ಯಾಟ್, 44 ಯಂತ್ರ. ವರದಿ ಬರೆಯಲು ಕೂತೆ. ನಕ್ಷೆಯನ್ನು ಮತ್ತೊಮ್ಮೆ ನೋಡಿದಾಗ ಅದು ತಪ್ಪು ಎಂದು ಹೊಳೆಯಿತು. ನಾಚಿಕೆಯ ವಿಷಯ, ಇದು ಹೊಳೆಯಲು ಮೂರು ತಿಂಗಳು ಬೇಕಾಯಿತು.

ಉಳಿದ ನೆಲ ಒಂದೇ ತುಂಡಾಗಿರಲಿಲ್ಲ. ಹರಿದ ಪಂಚೆಯಂತೆ 38 ಚೂರು. ಕೆಲವು ಚೂರು ಹತ್ತು ಎಕರೆಯದು. 125 ಎಕರೆ ಬೇಕೆಂದರೆ ಹತ್ತೆಕರೆಯ ಚೂರಿಗೆ ಬೆಲೆಯಿಲ್ಲ. ಆದರೆ ಯಂತ್ರಕ್ಕೆ ನಿಜಕ್ಕೂ 125 ಎಕರೆ ಬೇಕೇ? ಅದರ ಪಾದಕ್ಕೆ, ಕ್ರೇನಿಗೆ, ದಾರಿಗೆ ಸೇರಿ ಬೇಕಾದದ್ದು ಸುಮಾರು ಮೂರು ಎಕರೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2009ರಲ್ಲಿ ಅಲ್ಲಿನ ಯೋಜನೆಗಳನ್ನು ಅಳೆದಾಗ ಶಾಶ್ವತವಾಗಿ ಬಳಕೆಯಾಗುವ ನೆಲ ಮೆಗಾವ್ಯಾಟಿಗೆ ಸರಾಸರಿ 0.3 ಹೆಕ್ಟೇರು, ಯೋಜನೆಯ ಒಟ್ಟು ಹರವು 34 ಹೆಕ್ಟೇರು ಎಂದು ಕಂಡುಕೊಂಡಿತ್ತು. ನೂರು ಪಟ್ಟಿಗೂ ಹೆಚ್ಚು ಅಂತರ. ಮಿಕ್ಕ ನೆಲ ಬೇರೆ ಯಂತ್ರ ಬೇಡ ಎನ್ನುತ್ತದೆ, ಅಷ್ಟೇ. ಅಲ್ಲಿ ರಾಗಿ ಬೆಳೆಯಲಿ, ತೆಂಗು ಇರಲಿ, ಕುರಿ ಮೇಯಲಿ, ಗಾಳಿಗೆ ಅದರ ಗೊಡವೆಯಿಲ್ಲ.

ಅಂದರೆ ನಾವು ಜಾಗ ಎಂಬ ಒಂದೇ ಪದದಲ್ಲಿ ಎರಡು ಬೇರೆ ಸಂಗತಿ ತುರುಕುತ್ತಿದ್ದೆವು. ಯಂತ್ರ ಕಾಲೂರುವ ಜಾಗ ಒಂದು, ಉಸಿರಾಡುವ ಜಾಗ ಇನ್ನೊಂದು. ಕಾಲೂರುವ ಮೂರು ಎಕರೆ ಎಲ್ಲ ನಿಯಮಕ್ಕೂ ಒಗ್ಗಬೇಕು, ಅದಕ್ಕೆ ಯಜಮಾನ ಒಪ್ಪಬೇಕು. ಉಸಿರಾಡುವ 125 ಎಕರೆಗೆ ಆ ಕಟ್ಟಿಲ್ಲ. ಅದು ಕಾವಲಿನ ಮೇಲೂ ತೋಟದ ಮೇಲೂ ಹರಡಿಕೊಳ್ಳಬಹುದು. ವಿಸ್ತೀರ್ಣವನ್ನು ಮೆಗಾವ್ಯಾಟಿನಿಂದ ಗುಣಿಸುವ ಲೆಕ್ಕ ಈ ಎರಡನ್ನೂ ಒಂದೇ ನೆಲದ ಮೇಲೆ ಹೇರುತ್ತದೆ.

ಹಳೆಯ ನೂರಕ್ಕೆ ಎರಡು ಪಾಲನ್ನೇ ಮತ್ತೆ ತೆಗೆದುಕೊಳ್ಳಿ. ನಮ್ಮ ಬ್ಲಾಕಿನ ಎರಡು ಪಾಲು ಎಂದರೆ ಸುಮಾರು 494 ಎಕರೆ. ಅದನ್ನು ಉಸಿರಾಡುವ ಜಾಗ ಎಂದುಕೊಂಡು ಚದರ ಕಿಲೋಮೀಟರಿಗೆ 9 ಮೆಗಾವ್ಯಾಟಿನಂತೆ ಎಣಿಸಿದರೆ ಎಂಟು ಯಂತ್ರ. ಕಾಲೂರುವ ಜಾಗ ಎಂದುಕೊಂಡು ಮೂರು ಮೂರು ಎಕರೆ ಹಂಚಿದರೆ 164 ಯಂತ್ರ. ಮೊದಲ ಸೋಮವಾರ ನನ್ನನ್ನು ಕಾಡಿದ ಇಪ್ಪತ್ತು ಪಟ್ಟಿನ ಅಂತರ ಎರಡು ಪಾಲು ಎಂಬ ಒಂದೇ ಮಾತಿನೊಳಗೂ ಕೂತಿತ್ತು.

ಗುಣಾಕಾರ ಬಿಟ್ಟು ಚುಕ್ಕೆ ಇಡಲು ಶುರುಮಾಡಿದೆ. ಉಳಿದ ನೆಲದಲ್ಲಿ ಎಲ್ಲೇ ಒಂದು ಚುಕ್ಕೆ ಇಟ್ಟರೂ ಅದರ ಸುತ್ತ ಪಶ್ಚಿಮ ನೈಋತ್ಯ ದಿಕ್ಕಿಗೆ 840, ಅಡ್ಡಕ್ಕೆ 600 ಮೀಟರ್ ಅಂತರದೊಳಗೆ ಇನ್ನೊಂದು ಚುಕ್ಕೆ ಬರಬಾರದು. ಚೌಕಾಬಾರ ಆಡಿದ ಹಾಗೆ ಸರಿಸಿ ಸರಿಸಿ ಕೂರಿಸಿದಾಗ 57 ಚುಕ್ಕೆ ಹಿಡಿದವು. 120 ಮೆಗಾವ್ಯಾಟ್. ನೆಲ ಕಡಿಮೆಯಾಗುತ್ತ ಬಂದ ಕಥೆಯಲ್ಲಿ ಅಂಕಿ ಮೇಲೇರಿದ್ದು ಇದೊಂದೇ ಸಲ. 57 ಯಂತ್ರಗಳು ತುಳಿಯುವ ನೆಲ 171 ಎಕರೆ, ಬ್ಲಾಕಿನ ನೂರಕ್ಕೆ ಒಂದು ಪಾಲೂ ಅಲ್ಲ.

ಗುಡ್ಡದ ಏಣಿನ ಮೇಲೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಯಂತ್ರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಹಿಂದೆ ಮುಂದೆ ಇಳಿಜಾರು. ವಿಸ್ತೀರ್ಣ ಕೇಳುವುದೇ ಅರ್ಥವಿಲ್ಲದ ಪ್ರಶ್ನೆ, ಏಣು ಎಷ್ಟು ಉದ್ದ ಎಂದು ಕೇಳಬೇಕು. ಹಾಗಾದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಏಣುಗಳಲ್ಲಿ ಯಾಕಾಗಬಾರದು ಎಂದು ಅದೇ ಕಚೇರಿಯವರು ಒಮ್ಮೆ ಕೇಳಿದ್ದರು. 1,930 ಮೀಟರ್ ಎತ್ತರದಲ್ಲಿ ಗಾಳಿಗೆ ಬರವಿಲ್ಲ, ನಿಜ. ಶೋಲಾ ಕಾಡು, ಹುಲ್ಲುಗಾವಲು, ಪಕ್ಕದಲ್ಲೇ ಭದ್ರಾ ಹುಲಿ ಮೀಸಲು. 58 ಮೀಟರ್ ರೆಕ್ಕೆ ಆ ತಿರುವುಗಳಲ್ಲಿ ಹತ್ತುವುದನ್ನು ನೆನೆಸಿಕೊಂಡು ನಕ್ಕು ಸುಮ್ಮನಾದೆ.

ಪಹಣಿ ಹೇಳಿದ್ದು

57 ಚುಕ್ಕೆಗೂ ಸರ್ವೆ ನಂಬರ್, ಹಿಸ್ಸಾ ನಂಬರ್ ಹುಡುಕಿ ಪಹಣಿ ತೆಗೆದೆವು. 24 ಕಡೆ ಎಲ್ಲ ಸರಿ ಇತ್ತು. ಖಾತೆದಾರ ಬದುಕಿದ್ದಾರೆ, ಹಿಸ್ಸೆ ಅಳೆದು ಬೇರೆ ಮಾಡುವ ಪೋಡಿ ಆಗಿದೆ, ಸಾಲದ ಬೋಜಾ ಬಿಟ್ಟರೆ ತಕರಾರಿಲ್ಲ. 19 ಕಡೆ ಸಮಯ ಹಿಡಿಯುವ ಗಂಟು. ತಾತನ ಹೆಸರಲ್ಲೇ ಉಳಿದ ಖಾತೆ, ಪವತಿ ವಾರಸು ಆಗಿಲ್ಲ, ಆರು ಜನ ಮೊಮ್ಮಕ್ಕಳಲ್ಲಿ ಒಬ್ಬ ಮುಂಬೈಯಲ್ಲಿ. ಕೆಲವು ಕಡೆ ಪಹಣಿಯಲ್ಲಿ ಇರುವ ವಿಸ್ತೀರ್ಣಕ್ಕೂ ಸರ್ವೆ ದಾಖಲೆಯಾದ ಆಕಾರ್‌ಬಂದಿಗೂ ಗುಂಟೆಗಟ್ಟಲೆ ವ್ಯತ್ಯಾಸ.

ಮಿಕ್ಕ 14 ಚುಕ್ಕೆಗಳನ್ನು ಆಚೀಚೆ ಸರಿಸಿ ನೋಡಿದರೂ ದಾರಿ ಸಿಗಲಿಲ್ಲ. ಹೆಚ್ಚಿನವು ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅವನ್ನು ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. ಆ ಕಾಯ್ದೆ ಯಾಕೆ ಬಂತು ಎಂದು ಗೊತ್ತಿರುವವರು ಅದನ್ನು ಅಡ್ಡಿ ಎನ್ನಲಾರರು. ಎರಡು ಮೂರು ಕಡೆ ಅಣ್ಣತಮ್ಮಂದಿರ ದಾವೆ.

ಈ ಹಂತದಲ್ಲಿ ಊರಿನವರ ಮಾತು ಬೇರೆಯೇ ಆಗಿತ್ತು. ಮನೆ ಎಣಿಸುವಾಗ ಅನುಮಾನದಿಂದ ನೋಡಿದವರೇ ಈಗ "ನಮ್ ಹೊಲಕ್ಕೂ ಒಂದು ಫ್ಯಾನು ಬರೋ ಹಂಗ್ ಮಾಡಿ ಸಾರ್" ಎನ್ನುತ್ತಿದ್ದರು. ಗಾಳಿ ಬಂದಾಗ ತೂರಿಕೋ ಎಂಬುದು ಇಲ್ಲಿ ಅಕ್ಷರಶಃ ನಿಜ. ಫ್ಯಾನು ಬಂದ ಹೊಲದವನಿಗೆ ದುಡ್ಡು, ಅದರ ಸುತ್ತಲಿನ 122 ಎಕರೆಯವರಿಗೆ ಸದ್ದು. ಉಸಿರಾಡುವ ಜಾಗಕ್ಕೆ ಬಾಡಿಗೆ ಯಾಕಿಲ್ಲ ಎಂದು ಒಬ್ಬ ಮೇಷ್ಟ್ರು ಕೇಳಿದರು. ಅವರ ಹೊಲದಲ್ಲಿ ಇನ್ನು ಯಾರೂ ಇನ್ನೊಂದು ಯಂತ್ರ ಹಾಕುವಂತಿಲ್ಲ, ಅದೂ ಒಂದು ನಷ್ಟವೇ ತಾನೇ ಎಂದರು. ಈ ಪ್ರಶ್ನೆಯನ್ನು ವರದಿಗೆ ಸೇರಿಸಿದೆ. ಬೆಂಗಳೂರಿನವರು ತೆಗೆಸಿದರು.

ನಾನು ಕೊಟ್ಟ ಕೊನೆಯ ಅಂಕಿ ಹೀಗಿತ್ತು. ಈಗಲೇ ಮಾತಾಡಬಹುದಾದದ್ದು 24 ಯಂತ್ರ, 50 ಮೆಗಾವ್ಯಾಟ್. ಕಾಗದ ಸರಿಪಡಿಸಿಕೊಂಡರೆ 43 ಯಂತ್ರ, 90 ಮೆಗಾವ್ಯಾಟ್. ನೆಲದ ಆಕಾರ ಮಾತ್ರ ನೋಡಿದರೆ 57, ಅಂದರೆ 120. ಪ್ರತಿಯೊಂದರ ಪಕ್ಕ ನೋಡಿದ ತಾರೀಕು ಬರೆದೆ. ಒಂದು ನಂಬರ್ ಕೇಳಿದ್ದೆವಲ್ಲ ಎಂದರು. 50 ಎಂದೆ. ಅವರು ಮುಂದಿನವರಿಗೆ ತೋರಿಸಿದ ಹಾಳೆಯಲ್ಲಿ ಮೊದಲ ಸೋಮವಾರದ 135 ಇತ್ತೆಂದು ಆಮೇಲೆ ತಿಳಿಯಿತು.

ವರದಿ ಕೊಟ್ಟು ಏಳು ತಿಂಗಳಾದ ಮೇಲೆ ಎಳನೀರು ಕೊಟ್ಟ ಯಜಮಾನರಿಂದ ಕರೆ ಬಂತು. ಮಗನ ಮದುವೆ ಆಗಿತ್ತು. ಮೋಟರ್ ಮನೆಗೆ ಎರಡು ಕೋಣೆ, ಅಡುಗೆಮನೆ ಸೇರಿಸಿ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಹೋದೆ. ಬಾಗಿಲಿಗೆ ಮಾವಿನ ತೋರಣ, ಮುಂದೆ ದೊಡ್ಡ ರಂಗೋಲಿ, ಪಕ್ಕದಲ್ಲಿ ಹೊಸ ಮೀಟರಿನ ಪೆಟ್ಟಿಗೆ. ಊಟದ ಪಂಕ್ತಿ ಏಳುವಷ್ಟರಲ್ಲಿ ಮೊಬೈಲಿನಲ್ಲಿ ನಕ್ಷೆ ತೆಗೆದು ಅಲ್ಲೊಂದು ವೃತ್ತ ಎಳೆದೆ. 24ರಲ್ಲಿ ಎರಡು ಚುಕ್ಕೆ ಅದರೊಳಗೆ ಬಿದ್ದವು. ಅಳಿಸಿದೆ.

ಹೋಳಿಗೆ ಬಡಿಸುವಾಗ ಪಕ್ಕದ ಎಲೆಯಲ್ಲಿ ಕೂತಿದ್ದವರು ನನ್ನನ್ನು ಗುರುತು ಹಿಡಿದು ಕೇಳಿದರು. "ನಮ್ ಹೊಲಕ್ಕೆ ಫ್ಯಾನು ಯಾವಾಗ್ ಬರುತ್ತೆ ಸಾರ್?" ಅವರ ಹೊಲ ಜಗಲಿಯಿಂದ ಕಾಣುತ್ತಿತ್ತು. ಮುನ್ನೂರು ಮೀಟರ್ ಇದ್ದೀತು.